ಗುಡುಗಮ್ಮ, ಮತ್ತು ನಾನು ಹಿಡಿದ ತೋಳು

"ಅಮ್ಮಾ, ಆ ಡಾಕ್ಟರ್ ಅಜ್ಜಿಗೆ ನಮ್ಮಜ್ಜಿ ಮೇಲೆ ಅಷ್ಟು ಸಿಟ್ಟಿದ್ರೆ, ಕಾಲನ್ನ ಯಾಕೆ ತೊಡೆ ಮೇಲೆ ಇಟ್ಕೋತಾರೆ?"

ಐದು ವರ್ಷದ ಮಗಳು ಇದನ್ನು ಕೇಳಿದ್ದು ಆಸ್ಪತ್ರೆಯಿಂದ ವಾಪಸ್ ಬರುವ ಬಸ್ಸಿನಲ್ಲಿ, ಹಿಂದಿನ ಸೀಟಿನವರೆಗೂ ಕೇಳಿಸುವ ಹಾಗೆ. ನನ್ನ ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕರು. ನಾನು "ಸುಮ್ನೆ ಕೂತ್ಕೋ" ಅಂದೆ. ಉತ್ತರ ಗೊತ್ತಿಲ್ಲದಾಗ ತಾಯಂದಿರು ಹೇಳುವುದೇ ಅದನ್ನು. ಆ ಪ್ರಶ್ನೆಯನ್ನು ಅವತ್ತಿನ ಡೈರಿಯಲ್ಲಿ, ಅವಳ ಕೆಮ್ಮಿನ ಔಷಧಿಯ ಹೆಸರಿನ ಕೆಳಗೆ ಬರೆದಿಟ್ಟಿದ್ದೆ. ಐದು ತಿಂಗಳಾದ ಮೇಲೆ ಈಗ ಉತ್ತರ ಬರೆಯಲು ಕೂತಿದ್ದೇನೆ. ಸಿಟ್ಟಿನಲ್ಲೇ ಕೂತಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ.

ಮಗಳು ಡಾಕ್ಟರ್ ಅಜ್ಜಿ ಅಂದದ್ದು ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯ ಮೇಡಂ ಅವರನ್ನು. ನೆಲಮಹಡಿ, ಎಕ್ಸ್-ರೇ ಕೋಣೆಯ ಹಿಂದಿನ ಬಾಗಿಲು. ಇಪ್ಪತ್ತಾರು ವರ್ಷದಿಂದ ಅದೇ ಕೋಣೆ, ಅದೇ ಹಸಿರು ಪರದೆ. ಅಲ್ಲಿಗೆ ಬರುವ ಮುದುಕ ಮುದುಕಿಯರು ಅವರಿಗಿಟ್ಟ ಹೆಸರು ಗುಡುಗಮ್ಮ. ಎದುರಿಗೆ ಮಾತ್ರ ಬೆಣ್ಣೆಯಂಥ 'ಮೇಡಂ'. ಹೆಸರು ಅವರ ಕಿವಿಗೂ ಬಿದ್ದಿತ್ತು. "ಗುಡುಗಿದ್ರೆ ತಾನೇ ಎದ್ದು ಒಳಗೆ ಓಡೋದು? ಓಡ್ಲಿ ಅಂತಾನೇ ಗುಡುಗ್ತೀನಿ" ಅನ್ನುತ್ತಿದ್ದರು.

ನಾವು ಅಲ್ಲಿಗೆ ಹೋದದ್ದು ಅತ್ತೆಯ ಬಲಗಾಲಿಗಾಗಿ. ಅತ್ತೆಗೆ ಎಪ್ಪತ್ತಮೂರು. ಬಸ್ಸಿನಿಂದ ಇಳಿಯುವಾಗ ಕಾಲು ಹೊರಳಿ ಹರಡಿನ ಹತ್ತಿರ, ಅಂದರೆ ಕಣಕಾಲು ಮುಗಿದು ಪಾದ ಶುರುವಾಗುವ ಕೀಲಿನಲ್ಲಿ, ಮೂಳೆ ಬಿರುಕು ಬಿಟ್ಟಿತ್ತು. ಏಳು ವಾರ ಪ್ಲಾಸ್ಟರ್. ಬಿಚ್ಚಿದಾಗ ಮೂಳೆ ಕೂಡಿತ್ತು, ಕೀಲು ಮಾತ್ರ ಹಲಗೆಯಾಗಿತ್ತು. ನಾವಾದರೂ ಏನು ಮಾಡಿದೆವು? ಅಂಗೈಯಲ್ಲಿಟ್ಟು ಸಾಕಿದೆವು. "ಅತ್ತೆ, ನೀವು ಕೂತ್ಕೊಳ್ಳಿ." "ಅತ್ತೆ, ನೀರು ನಾನು ತರ್ತೀನಿ." ನಮ್ಮವರಂತೂ ಹಾಸಿಗೆಯಿಂದ ಬಚ್ಚಲಿನವರೆಗೆ ಅಮ್ಮನ ಮೊಣಕೈ ಬಿಡುತ್ತಿರಲಿಲ್ಲ. ಹತ್ತಿಯಂಥ ಚಪ್ಪಲಿ ಹುಡುಕಿ ತಂದರು. ಇಷ್ಟೆಲ್ಲ ಆದ ಮೇಲೆ ಅತ್ತೆ ಮೂರೇ ತಿಂಗಳಲ್ಲಿ ಎರಡು ಸಲ ಬಿದ್ದರು. ಒಂದು ಸಲ ಬಚ್ಚಲಲ್ಲಿ, ಇನ್ನೊಂದು ಸಲ ಚಾಪೆಯ ಅಂಚಿಗೆ ಎಡವಿ. ಮೊದಲ ಡಾಕ್ಟರು ಚೀಟಿಯಿಂದ ತಲೆ ಎತ್ತದೆ "ವಯಸ್ಸಾಯ್ತಲ್ಲಮ್ಮ" ಅಂದರು. ಆ ಮಾತು ಕೇಳಿದಾಗ ಅತ್ತೆಯ ಮುಖ ಹೇಗಾಯಿತು ಅಂತ ನಾನು ಇನ್ನೂ ಮರೆತಿಲ್ಲ. ಎಡಗಾಲಿಗೂ ಅಷ್ಟೇ ವಯಸ್ಸಲ್ಲವೇ, ಅದಕ್ಕೇನಾಗಿತ್ತು?

ನಮ್ಮ ಮನೆ ಎರಡನೇ ಮಹಡಿಯಲ್ಲಿ. ಮೂವತ್ತಾರು ಮೆಟ್ಟಿಲು, ಲಿಫ್ಟ್ ಇಲ್ಲ. ಅತ್ತೆಗೆ ಬೇಕಾಗಿದ್ದದ್ದು ಒಂದೇ: ತಾನೇ ಇಳಿದು, ರಸ್ತೆ ದಾಟಿ, ಎದುರಿನ ಗ್ರಂಥಾಲಯಕ್ಕೆ ಹೋಗುವುದು. ಮಗ ತಂದುಕೊಡುವ ಕಾದಂಬರಿಗಳು ಅವರಿಗೆ ಸೇರುತ್ತಿರಲಿಲ್ಲ. "ರಟ್ಟು ನೋಡಿ ತರ್ತಾನೆ ಇವನು, ತರಕಾರಿ ಆರಿಸಿದ ಹಾಗೆ" ಅಂತ ನನ್ನ ಹತ್ತಿರ ಗೊಣಗುತ್ತಿದ್ದರು.

ಮೊದಲ ದಿನ ನಮ್ಮವರೂ ಬಂದಿದ್ದರು. ಬಾಗಿಲಿನಿಂದ ಮಂಚದವರೆಗೆ ಅಮ್ಮನ ಮೊಣಕೈ ಹಿಡಿದು ನಡೆಸಿಕೊಂಡು ಬಂದರು. ಗುಡುಗಮ್ಮ ಕೈಕಟ್ಟಿ ನೋಡುತ್ತ ನಿಂತಿದ್ದರು. ಕುಳ್ಳು, ಅಗಲ ಹೆಗಲು, ಕತ್ತರಿಸಿದ ನರೆಗೂದಲು.

"ನೀವ್ಯಾರು?"

"ಮಗ."

"ಮಗ ಆದ್ರೆ ಅಲ್ಲಿ ಬೆಂಚಿದೆ, ಹೋಗಿ ಕೂತ್ಕೊಳ್ಳಿ. ಊರುಗೋಲು ಬೇಕಾದ್ರೆ ನಾನೇ ಕೊಡ್ತೀನಿ, ಮನೆಯಿಂದ ತರೋದು ಬೇಡ."

ನಮ್ಮವರು ಹೋಗಿ ಕೂತರು. ಮದುವೆಯಾದ ಏಳು ವರ್ಷದಲ್ಲಿ ಅವರು ಅಷ್ಟು ಬೇಗ ಒಂದು ಮಾತು ಕೇಳಿದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಗುಡುಗಮ್ಮ ಚಪ್ಪಲಿ ಎತ್ತಿ ಎರಡು ಬೆರಳಲ್ಲಿ ಹಿಚುಕಿದರು. "ಇದೇನಿದು, ದಿಂಬಿಗೆ ಪಟ್ಟಿ ಹೊಲಿದು ಕಾಲಿಗೆ ಕಟ್ಟಿದ್ದೀರಾ? ನೆಲ ಎಲ್ಲಿದೆ ಅಂತ ಪಾದಕ್ಕೆ ಗೊತ್ತಾಗೋದು ಬೇಡ್ವಾ? ಯಾರು ತಂದಿದ್ದು?" ಬೆಂಚಿನ ಮೇಲಿದ್ದ ನಮ್ಮವರು ಮೇಲಿನ ಫ್ಯಾನ್ ನೋಡಲು ಶುರು ಮಾಡಿದರು.

ಅವರ ಅಳತೆ ಗೋಡೆಯ ಹತ್ತಿರ. ಪಾದದ ತುದಿ ಗೋಡೆಯಿಂದ ಎಷ್ಟು ದೂರವಿಟ್ಟರೆ, ಹಿಮ್ಮಡಿ ಎತ್ತದೆ, ಮಂಡಿ ಬಗ್ಗಿಸಿ ಗೋಡೆ ಮುಟ್ಟಿಸಬಹುದು? ಆ ದೂರವನ್ನು ತಮ್ಮದೇ ಬೆರಳಿನಿಂದ ಅಳೆಯುತ್ತಿದ್ದರು. ಅತ್ತೆಯ ಎಡಗಾಲು ಐದು ಬೆರಳು. ಬಲಗಾಲು ಸೊನ್ನೆ. ಹೆಬ್ಬೆರಳು ಗೋಡೆಗೆ ತಾಗಿಸಿಟ್ಟರೂ ಮಂಡಿ ಮುಟ್ಟಲಿಲ್ಲ, ಹಿಮ್ಮಡಿ ಎದ್ದೇಬಿಟ್ಟಿತು.

"ನೋಡಿ, ಇಷ್ಟೇ. ಹರಡು ಬಗ್ಗಲ್ಲ, ಅದಕ್ಕೆ ಪಾದ ಎತ್ತಕ್ಕಾಗಲ್ಲ, ಅದಕ್ಕೆ ಚಾಪೆ ತಡೆಯುತ್ತೆ. ವಯಸ್ಸಂತೆ ವಯಸ್ಸು. ಯಾವನು ಹೇಳಿದ್ದು?"

ಆಮೇಲೆ ಗಿಡ್ಡ ಮಣೆಯೊಂದನ್ನು ಎಳೆದುಕೊಂಡು ಕೂತರು. ಒಂದು ಕಡೆ ಇಳಿಜಾರು ಹಲಗೆ, ಅದರ ಮೇಲೆ ಸವೆದ ರಬ್ಬರ್ ಇದ್ದ ಮರದ ಮಣೆ. ಅತ್ತೆಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳೂ ತೋರುಬೆರಳೂ ಕವಲೊಡೆಯುವ ಜಾಗವನ್ನು ಹರಡಿನ ಮುಂಭಾಗಕ್ಕೆ ಒತ್ತಿದರು. ಇನ್ನೊಂದು ಕೈ ಹಿಮ್ಮಡಿಯ ಕೆಳಗೆ. ನೋಡುವವರಿಗೆ ಏನೂ ಆಗುತ್ತಿಲ್ಲ ಅನ್ನಿಸಬೇಕು, ಅಷ್ಟು ಸಣ್ಣ ಚಲನೆ. ಒತ್ತು, ಬಿಡು, ಒತ್ತು, ಬಿಡು. ಸ್ವಲ್ಪ ಹೊತ್ತಿಗೆ ಅತ್ತೆಯನ್ನು ನಿಲ್ಲಿಸಿ, ಪಾದವನ್ನು ಆ ಇಳಿಜಾರು ಹಲಗೆಯ ಮೇಲಿಡಿಸಿ, ಕಣಕಾಲಿನ ಹಿಂದೆ ಅಗಲವಾದ ಬೆಲ್ಟ್ ಹಾಕಿ ಅದನ್ನು ತಮ್ಮ ಸೊಂಟಕ್ಕೆ ಸುತ್ತಿಕೊಂಡು, ತಾವು ಹಿಂದಕ್ಕೆ ಒರಗುತ್ತ "ಮಂಡಿ ಮುಂದಕ್ಕೆ ತನ್ನಿ, ಇನ್ನೂ, ಇನ್ನೂ, ಹೆದರ್ಕೊಂಡ್ರೆ ಮನೆಗೆ ಕಳಿಸ್ತೀನಿ" ಅನ್ನುತ್ತಿದ್ದರು. ಬಾಯಿ ಬೈಯುತ್ತಿತ್ತು. ಕೈ ಮಾತ್ರ ನಿದ್ದೆ ಹೋದ ಮಗುವನ್ನು ಹಾಸಿಗೆಗೆ ಇಳಿಸುವಾಗಿನ ಕೈ. ಮಗಳು ಕೇಳಿದ್ದು ಇದನ್ನೇ ಅಂತ ಆಗ ನನಗೆ ಹೊಳೆಯಲಿಲ್ಲ.

ಅವತ್ತು ಹೊರಡುವ ಮೊದಲು ಮತ್ತೆ ಗೋಡೆ. ಅರ್ಧ ಬೆರಳು. ಅತ್ತೆ ಆ ಅರ್ಧ ಬೆರಳನ್ನು ದಾರಿಯುದ್ದಕ್ಕೂ ಹೇಳಿಕೊಂಡು ಬಂದರು.

ಆ ಮಣೆ ಎಲ್ಲಿಂದ ಬಂತು ಅಂತ ನಾನು ಒಂದು ದಿನ ಕೇಳಿದೆ. ಗುಡುಗಮ್ಮನ ಅಪ್ಪನಿಗೆ ಚಪ್ಪಲಿ ಅಂಗಡಿ ಇತ್ತಂತೆ. ಗಿರಾಕಿಯ ಕಾಲಿಗೆ ಬೂಟು ತೊಡಿಸಿ ನೋಡುವ ಮಣೆ ಅದು. ಹತ್ತು ವರ್ಷದವರಿದ್ದಾಗಿನಿಂದ ಶಾಲೆ ಮುಗಿಸಿ ಬಂದು ಅದರ ಮೇಲೆ ಕೂರುತ್ತಿದ್ದರು. "ಎಲ್ಲರೂ ಮುಖ ನೋಡಿ ಗುರುತು ಹಿಡಿದ್ರೆ ನಾನು ಪಾದ ನೋಡಿ ಹಿಡೀತಿದ್ದೆ. ಬೂಟು ಹಾಕ್ಕೊಳ್ಳೋಕೆ ಪಾದ ಎತ್ತಿದ ರೀತೀಲೇ ಗೊತ್ತಾಗ್ತಿತ್ತು, ಇವರು ಮುಂದಿನ ವರ್ಷ ಅಂಗಡಿಗೆ ಬರಲ್ಲ, ಮಗನ್ನ ಕಳಿಸ್ತಾರೆ ಅಂತ. ಅಪ್ಪನಿಗೆ ಹೇಳಿದ್ರೆ, ಬಾಯ್ಮುಚ್ಚು, ಅಪಶಕುನ ನುಡೀಬೇಡ ಅಂತಿದ್ರು. ಅದರಲ್ಲಿ ಶಕುನ ಏನು ಬಂತು? ಕೀಲು ಬಿಗಿದಿದೆ ಅಷ್ಟೇ, ಯಾರಾದ್ರೂ ಬಿಡಿಸಬೇಕು." ಅಂಗಡಿ ಹೋಯಿತು, ಮಣೆ ಉಳಿಯಿತು. ಓದು ಮುಗಿಸಿ ಕೆಲಸಕ್ಕೆ ಸೇರಿದ ದಿನವೇ ಅದನ್ನು ತಂದು ಕೋಣೆಯಲ್ಲಿಟ್ಟರು. ಮದುವೆಯಾಗಲಿಲ್ಲ. "ಮನೇಲೂ ಯಾರಿಗಾದ್ರೂ ಬೈಬೇಕಲ್ಲ ಅಂತ ಬೇಜಾರಾಯ್ತು" ಅಂದರು, ಅಷ್ಟೇ. ಅದಕ್ಕಿಂತ ಮುಂದೆ ಕೇಳುವ ಧೈರ್ಯ ನನಗೂ ಬರಲಿಲ್ಲ.

ಇಪ್ಪತ್ತಾರು ವರ್ಷ ಒತ್ತಿ ಒತ್ತಿ ಅವರ ಎರಡೂ ಹೆಬ್ಬೆರಳಿನ ಬುಡ ಊದಿಕೊಂಡಿತ್ತು. ಪಾದ ಹಿಡಿದರೆ ಗಟ್ಟಿ, ಆದರೆ ಡಬ್ಬಿಯ ಮುಚ್ಚಳ ತಿರುಗಿಸಲು ಬರುತ್ತಿರಲಿಲ್ಲ. ಅವರ ಊಟದ ಡಬ್ಬಿಯನ್ನು ದಿನಾ ತೆರೆದುಕೊಡುತ್ತಿದ್ದವರು ಲಾರಿ ತಾತ.

ಲಾರಿ ತಾತನಿಗೆ ಎಪ್ಪತ್ತೆಂಟು. ಮೂವತ್ತೈದು ವರ್ಷ ಲಾರಿ ಓಡಿಸಿದವರು. ಕ್ಲಚ್ ತುಳಿದ ಎಡಗಾಲಿನ ಹರಡು ಜಖಂ ಆಗಿ, ಮೊದಲು ಬಂದಾಗ ಎರಡು ಕೋಲು ಹಿಡಿದಿದ್ದರಂತೆ. ನಾವು ಸೇರುವ ಹೊತ್ತಿಗೆ ಕೋಲಿಲ್ಲ. ಬಾಯಿಗೆ ಬ್ರೇಕೂ ಇಲ್ಲ. ಅತ್ತೆಯನ್ನು ನೋಡಿದ ತಕ್ಷಣ "ಬನ್ನಿ ತಂಗಿ, ಗ್ಯಾರೇಜಿಗೆ ಸ್ವಾಗತ. ಇಲ್ಲಿ ಮೆಕ್ಯಾನಿಕ್ ಬೈಗುಳ ಜಾಸ್ತಿ, ಆದ್ರೆ ಗಾಡಿ ಸ್ಟಾರ್ಟ್ ಆಗುತ್ತೆ" ಅಂದರು.

"ತಾತ, ಬಾಯಿ ಮುಚ್ಕೊಂಡು ಒಂದು ಕಾಲಲ್ಲಿ ನಿಂತ್ಕೊಳ್ಳಿ."

"ಬಾಯಿ ಮುಚ್ಚಿದ್ರೆ ಬ್ಯಾಲೆನ್ಸ್ ತಪ್ಪುತ್ತೆ ಮೇಡಂ."

ಕೀಲು ಒತ್ತಿ ಸಡಿಲಿಸುವ ಕೈಚಿಕಿತ್ಸೆ ಮುಗಿದ ಮೇಲೆ ಎಲ್ಲರಿಗೂ ಆ ಪಾಠ ಇರುತ್ತಿತ್ತು. ಗೋಡೆಗೆ ಹಾಕಿದ ಕಬ್ಬಿಣದ ಕಂಬಿಯ ಪಕ್ಕ, ಒಂದು ಕಾಲಲ್ಲಿ. ಗುಡುಗಮ್ಮ ಹಿಂದೆ ಒಂದು ಗೇಣು ಬಿಟ್ಟು, ಎರಡೂ ಅಂಗೈ ತೆರೆದು, ಮುಟ್ಟದೆ ನಿಲ್ಲುತ್ತಿದ್ದರು. ನಾವು ಬೆಂಚಿನಿಂದ ಎದ್ದರೆ ಮುಗಿಯಿತು. "ಕೂತ್ಕೊಳ್ಳಿ. ಮನುಷ್ಯ ವಾಲಿದಾಗ ಮೊದಲು ಗೊತ್ತಾಗೋದು ಹರಡಿಗೆ. ಅದು ತನ್ನ ಕೆಲಸ ಮಾಡ್ಲಿ. ನೀವು ಹಿಡಿದ್ರೆ ಅದು ಮತ್ತೆ ಮಲಗುತ್ತೆ." ಕೇಳಿದೆವು, ತಲೆಯಾಡಿಸಿದೆವು. ಅರ್ಥವಾಗಿರಲಿಲ್ಲ. ಅದನ್ನೀಗ ಬರೆಯುತ್ತಿದ್ದೇನೆ.

ಅತ್ತೆಯ ಬೆರಳುಗಳು ಡೈರಿಯಲ್ಲಿ ಏರುತ್ತ ಹೋದವು. ಎರಡನೇ ವಾರ ಒಂದು ಬೆರಳು. ಐದನೇ ವಾರ ಎರಡು. ಎಂಟನೇ ವಾರ ಎರಡೂವರೆ, ಮತ್ತು ಅತ್ತೆ ಮೊದಲ ಸಲ ಹದಿನೆಂಟು ಮೆಟ್ಟಿಲು ತಾವೇ ಇಳಿದರು. ಅದೇ ವಾರದ ಗುರುವಾರದ ಪುಟದಲ್ಲಿ ನನ್ನ ಅಕ್ಷರ ಸ್ವಲ್ಪ ದೊಡ್ಡದಾಗಿದೆ. ಹೆಮ್ಮೆಯಿಂದ ಬರೆದದ್ದು: 'ಇವತ್ತು ಲಾರಿ ತಾತ ಬಿದ್ದರು. ಸದ್ಯ, ನಾನು ತೋಳು ಹಿಡಿದುಕೊಂಡೆ. ಇಲ್ಲದಿದ್ದರೆ ತಲೆ ಒಡೆದುಹೋಗುತ್ತಿತ್ತು.'

ಆದದ್ದಿಷ್ಟು. ತಾತ ಎಡಗಾಲಲ್ಲಿ ನಿಂತಿದ್ದರು. ನಾನು ಬಲಗಡೆಯ ಬೆಂಚಿನ ತುದಿಯಲ್ಲಿದ್ದೆ. ತಾತ ಎಡಕ್ಕೆ ವಾಲಿದರು, ಪಾದ ನಡುಗಿತು, ಕೈ ಕಂಬಿಯ ಮೇಲೆ ತೇಲುತ್ತಿತ್ತು. ನಾನು ಒಂದೇ ನೆಗೆತಕ್ಕೆ ಎದ್ದು ಅವರ ಬಲತೋಳು ಹಿಡಿದು ನನ್ನ ಕಡೆ ಎಳೆದೆ. ಇಬ್ಬರೂ ಬಿದ್ದೆವು. ಅವರ ಹುಬ್ಬು ಬೆಂಚಿನ ಮೂಲೆಗೆ ತಗುಲಿ ನಾಲ್ಕು ಹೊಲಿಗೆ ಬಿತ್ತು, ಮಣಿಕಟ್ಟು ಉಳುಕಿತು. ಗುಡುಗಮ್ಮ ಅವತ್ತು ಯಾರಿಗೂ ಬೈಯಲಿಲ್ಲ. ರಕ್ತ ಒರೆಸುತ್ತ ನನ್ನನ್ನು ಒಂದು ಸಲ ನೋಡಿದರು, ಅಷ್ಟೇ. ತಾತನ ಮಗಳು ಕೆಲಸ ಬಿಟ್ಟು ಓಡಿಬಂದವಳು ನನ್ನ ಎರಡೂ ಕೈ ಹಿಡಿದುಕೊಂಡು "ನೀವಿಲ್ಲದಿದ್ರೆ ನಮ್ಮಪ್ಪ ಉಳೀತಿರಲಿಲ್ಲ" ಅಂತ ಅತ್ತಳು.

ಮರುವಾರ ಆಸ್ಪತ್ರೆಯ ಮೇಲ್ವಿಚಾರಕರು ನನ್ನನ್ನು ಕರೆಸಿದರು. ಹೊಸಬರು, ಇಸ್ತ್ರಿ ಮಡಿಕೆ ಮುರಿಯದ ಅಂಗಿ, ಎದುರಿಗೆ ನೀರಿನ ಬಾಟಲು. "ನಡೆದದ್ದನ್ನ ಬರೆದುಕೊಡಿ ಮೇಡಂ, ಬರೀ ಫಾರ್ಮಾಲಿಟಿ" ಅಂದರು. ಬರೆದೆ. ತಾತ ಬೀಳುತ್ತಿದ್ದರು, ಫಿಸಿಯೋಥೆರಪಿಯವರು ಅವರನ್ನು ಹಿಡಿದುಕೊಂಡಿರಲಿಲ್ಲ, ನಾನು ಹಿಡಿದೆ. ಒಂದಕ್ಷರ ಸುಳ್ಳಿಲ್ಲ. ನೀಟಾಗಿ ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ ವಾಪಸ್ ಕೊಟ್ಟೆ.

ಹತ್ತು ದಿನಕ್ಕೆ ವಿಷಯ ಹಬ್ಬಿತು. ಗುಡುಗಮ್ಮನ ಮೇಲೆ ವಿಚಾರಣೆ. ಅರವತ್ತೈದು ದಾಟಿದವರಿಗೆ ಕೈಚಿಕಿತ್ಸೆ, ಒಂದು ಕಾಲಲ್ಲಿ ನಿಲ್ಲಿಸುವ ಪಾಠ ಎರಡೂ ಬಂದ್ ಮಾಡಬೇಕೋ ಬೇಡವೋ ಅಂತ ತೀರ್ಮಾನವಾಗುವವರೆಗೆ ಕೋಣೆ ಅರ್ಧ ದಿನ ಮಾತ್ರ. ನಮ್ಮ ಸರದಿ ವಾರಕ್ಕೆ ಮೂರರಿಂದ ಒಂದಕ್ಕೆ ಇಳಿಯಿತು. ಅತ್ತೆಯ ಎರಡೂವರೆ ಬೆರಳು ಎರಡಾಯಿತು. ಲಾರಿ ತಾತ ಬರುವುದನ್ನೇ ನಿಲ್ಲಿಸಿದರು. ಡಬ್ಬಿಯ ಮುಚ್ಚಳ ಈಗ ಅತ್ತೆ ತೆರೆದುಕೊಡುತ್ತಿದ್ದರು. ನನಗೆ ಗುಡುಗಮ್ಮನ ಮೇಲೇ ಒಳಗೊಳಗೆ ಸಿಟ್ಟು ಬಂತು. ಒಂದು ಕೈ ಹಿಡಿದುಕೊಂಡು ನಿಲ್ಲಿಸಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಸತ್ಯ ತಿಳಿದದ್ದು ನಮ್ಮ ಅಡುಗೆಮನೆಯಲ್ಲಿ. ಅತ್ತೆ ಕಟ್ಟೆಯ ಪಕ್ಕ ಒಂದು ಕಾಲಲ್ಲಿ ನಿಂತು ಎಣಿಸುತ್ತಿದ್ದರು. ಹನ್ನೊಂದು, ಹನ್ನೆರಡು. ಸ್ವಲ್ಪ ವಾಲಿದರು. ಮಗಳು "ಅಜ್ಜೀ" ಅಂತ ಓಡಿಬಂದು ಅವರ ಕೈಗೆ ಜೋತುಬಿದ್ದಳು. ಅತ್ತೆ ಅವಳ ಕಡೆಗೇ ವಾಲಿ, ಇನ್ನೇನು ಬೀಳಬೇಕು, ಇನ್ನೊಂದು ಕೈಯಲ್ಲಿ ಕಟ್ಟೆ ಹಿಡಿದುಕೊಂಡರು. ಪಾತ್ರೆಯೊಂದು ಉರುಳಿತು.

"ಬಿಡೇ ಮಾರಾಯ್ತಿ, ನೀನು ಹಿಡಿದಿದ್ದಕ್ಕೇ ಬೀಳ್ತಿದ್ದೆ. ನಾನು ಆ ಕಡೆಯಿಂದ ವಾಪಸ್ ಬರ್ತಾ ಇದ್ದೆ, ನೀನು ಈ ಕಡೆಗೆ ಎಳೆದುಬಿಟ್ಟೆ."

ನಾನು ಉರುಳಿದ ಪಾತ್ರೆ ಎತ್ತಿಕೊಂಡು ಅಲ್ಲೇ ನಿಂತೆ. ಎಡಕ್ಕೆ ವಾಲಿದ್ದ ತಾತ. ಬಲಗಡೆ ನಾನು. ಎಳೆದ ತೋಳು. ಹಿಂದೆ ಒಂದೇ ಗೇಣು ದೂರದಲ್ಲಿ ಅಂಗೈ ತೆರೆದು ಸಿದ್ಧವಾಗಿ ನಿಂತಿದ್ದ ಗುಡುಗಮ್ಮ, ಅವರ ಕೈಯಿಂದಲೇ ನಾನು ತಾತನನ್ನು ಕಿತ್ತುಕೊಂಡು ಬೀಳಿಸಿದ್ದೆ.

ಅವತ್ತು ಮಧ್ಯಾಹ್ನವೇ ಲಾರಿ ತಾತನ ಮನೆಗೆ ಹೋದೆ. ಎರಡು ಬೀದಿ ಆಚೆ, ನೆಲಮಹಡಿಯ ಮನೆ. ತಾತ ಕಿಟಕಿಯ ಪಕ್ಕ ಕೈಕುರ್ಚಿಯಲ್ಲಿದ್ದರು, ಮಂಡಿಯ ಮೇಲೆ ಕಂಬಳಿ. ಪಕ್ಕದಲ್ಲೇ ಕೈಗೆಟುಕುವ ಹಾಗೆ ನೀರು, ರೇಡಿಯೋ, ಕರೆಗಂಟೆ. ಅವರು ಏಳಬೇಕಾದ ಒಂದು ಕಾರಣವನ್ನೂ ಅವರ ಮಗಳು ಉಳಿಸಿರಲಿಲ್ಲ. ಹುಬ್ಬಿನ ಗಾಯ ಮಾಗಿತ್ತು. ಪಾದ ಮಾತ್ರ ಸ್ಟೂಲಿನ ಮೇಲೆ ಮರದ ತುಂಡಿನಂತೆ ಬಿದ್ದಿತ್ತು. ನನಗೆ ಈಗ ಪಾದ ನೋಡಲು ಬರುತ್ತದೆ.

"ತಾತ, ಅವತ್ತು ನಾನು ಹಿಡಿದಿದ್ದಕ್ಕೇ ಬಿದ್ರಾ?"

ತಾತ ರೇಡಿಯೋ ಆರಿಸಿದರು. "ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ."

"ನೋಡಮ್ಮ, ನಾನು ತಿರುವು ತಗೋತಾ ಇದ್ದೆ. ಆರಾಮಾಗಿ ಬರ್ತಿತ್ತು ಗಾಡಿ. ಅಷ್ಟರಲ್ಲಿ ಪಕ್ಕದಲ್ಲಿ ಕೂತವಳು ಸ್ಟೇರಿಂಗ್ ಹಿಡಿದು ಎಳೆದ್ರೆ ಹೇಗಿರುತ್ತೆ? ಅಷ್ಟೇ."

"ಇದನ್ನ ಆಸ್ಪತ್ರೆಯವರಿಗ್ಯಾಕೆ ಹೇಳ್ಲಿಲ್ಲ ನೀವು?"

"ಮೇಡಂ ಬೇಡ ಅಂದ್ರು. ಹೊಲಿಗೆ ಹಾಕಿಸೋಕೆ ಕರ್ಕೊಂಡು ಹೋಗ್ತಾ ದಾರೀಲೇ ಹೇಳಿದ್ರು. ತಾತ, ಆ ಸೊಸೆ ಹೆಸರು ಎತ್ತಬೇಡಿ. ಗೊತ್ತಾದ್ರೆ ಹೆದರಿ ಅತ್ತೇನ ಕುರ್ಚಿಗೆ ಕಟ್ಟಿಹಾಕ್ತಾಳೆ, ಎಂಟು ವಾರದ ಕೆಲಸ ಹಾಳಾಗುತ್ತೆ ಅಂತ." ತಾತ ತಮ್ಮ ಪಾದ ನೋಡಿದರು. "ನಿಮ್ಮತ್ತೆ ಬಚಾವ್. ಕಟ್ಟಿಹಾಕಿದ್ದು ನನ್ನನ್ನ."

ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಅಂತ ವಿಂಗಡಿಸುವಷ್ಟು ಪುರುಸೊತ್ತಿರಲಿಲ್ಲ. ಡೈರಿ ಚೀಲಕ್ಕೆ ಹಾಕಿಕೊಂಡು ಮರುದಿನ ಬೆಳಗ್ಗೆ ಮೇಲ್ವಿಚಾರಕರ ಬಾಗಿಲಲ್ಲಿ ನಿಂತೆ. ಒಂದು ಗಂಟೆ ಕಾಯಿಸಿದರು. ಒಳಗೆ ಹೋಗಿ ಎಲ್ಲವನ್ನೂ ಹೇಳಿದೆ. ತಾತ ಬಿದ್ದದ್ದು ನನ್ನಿಂದ, ನನ್ನ ಹಳೆಯ ಹೇಳಿಕೆ ತಪ್ಪು, ಹೊಸದಾಗಿ ಬರೆದು ತಂದಿದ್ದೇನೆ. ಬೆರಳಿನ ಲೆಕ್ಕದ ಪುಟಗಳನ್ನೂ ತೋರಿಸಿದೆ. ಆ ಮೇಡಂ ಕೈ ಸಿಗುವುದು ಕಡಿಮೆಯಾದ ಮೇಲೆ ಬೆರಳು ಹೇಗೆ ಇಳಿಯಿತು, ನೀವೇ ನೋಡಿ ಅಂದೆ.

ಅವರು ಕನ್ನಡಕ ಏರಿಸಿ ಓದಿದರು. "ಹಾಲು ಒಂದು ಲೀಟರ್ ಅಂತಿದೆ ಇಲ್ಲಿ."

"ಅದರ ಕೆಳಗೆ ನೋಡಿ."

"ಬೆರಳು ಅಂದ್ರೆ ಎಷ್ಟು ಸೆಂಟಿಮೀಟರ್? ಯಾರ ಬೆರಳು?" ಪುಸ್ತಕ ನನ್ನ ಕಡೆ ತಳ್ಳಿದರು. "ಇನ್ನೊಂದು ವಿಷಯ. ನೀವೇ ಬೀಳಿಸಿದ್ದು ಅಂತ ಬರೆದುಕೊಟ್ರೆ ಅವರಿಗೆ ಇನ್ನೂ ತೊಂದರೆ ಅಲ್ವಾ? ಚಿಕಿತ್ಸೆ ನಡೆಯೋ ಜಾಗಕ್ಕೆ ಹೊರಗಿನವರನ್ನ ಯಾಕೆ ಬಿಟ್ರು ಅಂತ ಕೇಳಬೇಕಾಗುತ್ತೆ ನಾನು."

"ಹಾಗಾದ್ರೆ ನಾನು ಹಿಡಿದ್ರೂ ಅವರದೇ ತಪ್ಪು, ಹಿಡೀದಿದ್ರೂ ಅವರದೇ ತಪ್ಪಾ?"

"ಸಿಟ್ಟು ಮಾಡ್ಕೋಬೇಡಿ. ವಯಸ್ಸಾದವರ ಸುರಕ್ಷತೆಗೇ ಇದೆಲ್ಲ. ಕೂತಲ್ಲೇ ಬಿಸಿ ಕೊಡೋ ಮೆಷಿನ್ ಬರ್ತಾ ಇದೆ. ನಾಲ್ಕು ಜನಕ್ಕೆ ಒಟ್ಟಿಗೆ ಕೊಡಬಹುದು. ಯಾರೂ ಬೀಳಲ್ಲ."

"ಬೀಳಲ್ಲ ಸರ್. ನಿಂತವರು ತಾನೇ ಬೀಳೋದು."

ಅವರಿಗೆ ಅರ್ಥವಾಯಿತೋ ಇಲ್ಲವೋ. ನೀರಿನ ಬಾಟಲು ಎತ್ತಿ ಕುಡಿದರು. ಗುಡುಗಮ್ಮ ವಿಚಾರಣೆಗೆ ಕೊಟ್ಟ ಉತ್ತರ ಮೇಜಿನ ಮೇಲೇ ಇತ್ತು, ನಾನು ತಲೆಕೆಳಗಾಗಿಯೇ ಓದಿದೆ. ಒಂದೇ ವಾಕ್ಯ: 'ಆ ಸಮಯದಲ್ಲಿ ರೋಗಿ ನನ್ನ ಜವಾಬ್ದಾರಿಯಲ್ಲಿದ್ದರು.' ನನ್ನ ಸುದ್ದಿಯೇ ಇಲ್ಲ. ನನ್ನ ಹೊಸ ಕಾಗದಕ್ಕೆ ಮೊಹರು ಹಾಕಿಸಿಕೊಳ್ಳದೆ ಏಳುವುದಿಲ್ಲ ಅಂತ ಕೂತೆ. ಮೊಹರು ಬಿತ್ತು. ಬೇರೇನೂ ಆಗಲಿಲ್ಲ.

ಮುಂದಿನ ಸೋಮವಾರ ಆದೇಶ ಬಂತು. ಅರವತ್ತೈದು ದಾಟಿದವರಿಗೆ ಕೈಚಿಕಿತ್ಸೆ ಇಲ್ಲ, ಒಂದು ಕಾಲಲ್ಲಿ ನಿಲ್ಲಿಸುವ ಪಾಠವೂ ಇಲ್ಲ. ಗುಡುಗಮ್ಮನಿಗೆ ಮೂರನೇ ಮಹಡಿಯಲ್ಲಿ ಒಂದು ಮೇಜು, ವ್ಯಾಯಾಮದ ಚಿತ್ರಗಳಿರುವ ಹಾಳೆ ಹಂಚುವುದು. ಕಾಲು ನೋವಿನ ಮುದುಕರು ಹಾಳೆಗಾಗಿ ಮೂರು ಮಹಡಿ ಹತ್ತಬೇಕು. ಇದನ್ನು ಯೋಚಿಸಿದ ತಲೆಗೆ ಏನು ಹೇಳಲಿ. ಆ ಹಾಳೆಯ ಕೊನೆಯ ಸಾಲನ್ನು ಇಲ್ಲಿ ಬರೆದಿಡುತ್ತೇನೆ, ಮರೆಯಬಾರದು ಅಂತ: 'ಎಲ್ಲ ವ್ಯಾಯಾಮವನ್ನೂ ಮನೆಯವರು ಹಿಡಿದುಕೊಂಡೇ ಮಾಡಿಸತಕ್ಕದ್ದು.'

ಕೋಣೆ ಖಾಲಿ ಮಾಡುವ ದಿನ ಹೋದೆ. ಹಸಿರು ಪರದೆ ಇಳಿಸಿದ್ದರು. ಗುಡುಗಮ್ಮ ಬೆಲ್ಟುಗಳನ್ನು ಸುರುಳಿ ಸುತ್ತುತ್ತಿದ್ದರು. ಹೆಬ್ಬೆರಳು ಒತ್ತಲಾಗದೆ ಅಂಗೈಯಿಂದಲೇ ಸುತ್ತುತ್ತಿದ್ದರು. ಬಾಗಿಲಲ್ಲಿ ಪಟ್ಟಿ ಹಿಡಿದ ಗುಮಾಸ್ತ ಮಣೆಯನ್ನು ತೋರಿಸಿ "ಇದು ಲಿಸ್ಟಲ್ಲಿಲ್ಲ, ಹೊರಗೆ ಹಾಕ್ಬೇಕು" ಅಂದ.

"ಹಾಕು. ನಾನೂ ಲಿಸ್ಟಲ್ಲಿಲ್ಲ ಅಂತ ಬರ್ಕೋ" ಅಂದರು. ಅವನು ಬರೆದುಕೊಳ್ಳಲಿಲ್ಲ, ಹೊರಟುಹೋದ.

ನಾನು ಕ್ಷಮೆ ಕೇಳಬೇಕೆಂದು ಬಂದವಳು ಜಗಳಕ್ಕೆ ನಿಂತೆ. "ನೀವ್ಯಾಕೆ ಹೇಳ್ಲಿಲ್ಲ ಮೇಡಂ? ನನ್ನನ್ನ ಕೇಳದೆ ನನ್ನ ತಪ್ಪು ಎತ್ಕೊಂಡು ಹೋಗೋಕೆ ನೀವ್ಯಾರು? ಅವತ್ತೇ ಬೈದಿದ್ರೆ ನಾನು ಆ ಹೇಳಿಕೆ ಬರೀತಾನೇ ಇರ್ಲಿಲ್ಲ. ದಿನಾ ಎಲ್ಲರಿಗೂ ಬೈತೀರಿ. ಬೈಬೇಕಾದ ದಿನ ಬಾಯಿಗೆ ಬೀಗ ಹಾಕ್ಕೊಂಡ್ರಿ."

ಅವರು ಬೆಲ್ಟ್ ಕೆಳಗಿಟ್ಟರು. "ಬೈದಿದ್ರೆ ಏನು ಮಾಡ್ತಿದ್ದೆ?"

ಉತ್ತರವನ್ನೂ ಅವರೇ ಹೇಳಿದರು.

"ಅಳ್ತಿದ್ದೆ. ಮನೆಗೆ ಹೋಗಿ ಅತ್ತೇನ ಕೂರಿಸ್ತಿದ್ದೆ. ನಿನ್ನ ಹೇಳಿಕೆ ಇಲ್ಲದಿದ್ರೂ ಅವರಿಗೆ ಇನ್ನೊಂದು ಸಿಗ್ತಿತ್ತು, ಮೆಷಿನ್‌ಗೆ ಜಾಗ ಬೇಕಾಗಿತ್ತಲ್ಲ. ಆದ್ರೆ ನಿಮ್ಮತ್ತೆಗೆ ಆ ಎರಡು ಬೆರಳು ಇನ್ನೊಮ್ಮೆ ಸಿಗ್ತಿರಲಿಲ್ಲ." ಮೂಗು ಸೀಟಿದರು. "ಲೆಕ್ಕ ಹಾಕಿದೆ. ಸರೀನೋ ತಪ್ಪೋ, ಹಾಕಿಯಾಯ್ತು. ಎಷ್ಟಾಯ್ತು ಈಗ?"

"ಮೂರು. ನಿನ್ನೆ ಮನೇಲೇ ನೋಡಿದೆ. ನೀವು ತೋರಿಸಿದ ಹಾಗೆ ಬೆಲ್ಟ್ ಬದಲು ಟವೆಲ್ ಸುತ್ಕೊಂಡು ಮಾಡಿಸ್ತಿದ್ದೀನಿ. ಮೂವತ್ತಾರೂ ಮೆಟ್ಟಿಲು ಇಳಿದ್ರು. ರಸ್ತೆ ದಾಟಿ ಗ್ರಂಥಾಲಯಕ್ಕೆ ಹೋಗಿ, ನಮ್ಮವರು ತಂದಿದ್ದ ಪುಸ್ತಕ ವಾಪಸ್ ಮಾಡಿ ಬಂದ್ರು."

ಆ ಮುಖದಲ್ಲಿ ನಗು ಬಂತು ಅಂತ ಬರೆಯಲಾರೆ. ಸಿಟ್ಟು ಒಂದು ಬೆರಳಿನಷ್ಟು ಸರಿಯಿತು. ಆಮೇಲೆ ಊಟದ ಡಬ್ಬಿ ನನ್ನ ಕಡೆ ಚಾಚಿದರು. ನಾನು ಮುಚ್ಚಳ ತೆರೆದುಕೊಟ್ಟೆ. ಅವರು ತಿನ್ನಲಿಲ್ಲ, ಪಕ್ಕಕ್ಕಿಟ್ಟರು.

ಮಗಳ ಪ್ರಶ್ನೆಗೆ ಉತ್ತರ ಇಷ್ಟೇ, ದೊಡ್ಡವಳಾದ ಮೇಲೆ ಓದಿಕೊಳ್ಳಲಿ. ಅವರ ಸಿಟ್ಟು ಅಜ್ಜಿಯ ಮೇಲಲ್ಲ, ಅಜ್ಜಿಯನ್ನು ಕೂರಿಸುವವರ ಮೇಲೆ. ಆ ಪಟ್ಟಿಯಲ್ಲಿ ಅಮ್ಮನೂ ಇದ್ದಳು.

"ಏ ಸೊಸೆ," ಅಂದರು, ಮಣೆಯನ್ನು ಕಾಲಿನಿಂದ ನನ್ನ ಕಡೆ ತಳ್ಳುತ್ತ. ಇಷ್ಟು ದಿನದಲ್ಲಿ ಅವರು ಗುಡುಗದೆ ಮಾತಾಡಿದ್ದು ಅದೊಂದೇ ಸಲ. "ನನಗೊಂದು ಉಪಕಾರ ಮಾಡ್ತೀಯಾ? ಇದನ್ನ ತಗೊಂಡು ಹೋಗು. ವಾರಕ್ಕೆ ಮೂರು ದಿನ ನಿಮ್ಮತ್ತೇನ ಕರ್ಕೊಂಡು ಲಾರಿ ತಾತನ ಮನೆಗೆ ಹೋಗ್ತೀಯ. ತಾತನ ಮಗಳು ಬಾಗಿಲಲ್ಲೇ ತಡೀತಾಳೆ. ನೀನಂದ್ರೆ ದೇವರು ಅವಳಿಗೆ, ನೀನು ಹೇಳಿದ್ರೆ ಬಿಡ್ತಾಳೆ. ನಿಜಾನೂ ಹೇಳು, ಎಷ್ಟು ಬೈದ್ರೂ ಬೈಸ್ಕೋ. ಹರಡಿಗೆ ಕೈ ಹಾಕೋಕೆ ಭಾನುವಾರ ನಾನೇ ಬರ್ತೀನಿ, ಅವರ ಮನೆಗೆ ಹೋಗಬೇಡ ಅಂತ ಆದೇಶದಲ್ಲಿಲ್ಲ. ಮಿಕ್ಕ ದಿನ ತಾತನ್ನ ಗೋಡೆ ಪಕ್ಕ ಎಬ್ಬಿಸಿ ನಿಲ್ಲಿಸು. ಒಂದು ಗೇಣು ಹಿಂದೆ ನೀನು ನಿಂತ್ಕೋ. ವಾಲ್ತಾರೆ, ನಡುಗ್ತಾರೆ, ನಿನ್ನ ಜೀವ ಬಾಯಿಗೆ ಬರುತ್ತೆ. ನಿಜವಾಗ್ಲೂ ಬೀಳೋದು ಹೇಗಿರುತ್ತೆ ಅಂತ ನಿಮ್ಮತ್ತೆಗೆ ಗೊತ್ತು, ಅವರು ಹೇಳಿದ್ರೆ ಮಾತ್ರ ಹಿಡಿ. ಅಲ್ಲಿವರೆಗೂ ಎರಡೂ ಕೈ ಹಿಂದೆ ಕಟ್ಕೊಂಡು ನಿಂತಿರು."